ಅಂಗೈಯಗಲದ ಗಣಕ

ಅಳತೆಯಿಲ್ಲದೆ ವ್ಯವಹಾರವಿಲ್ಲ, ಅಳತೆಯಿಲ್ಲದೆ ವಿಜ್ಞಾನವೂ ಇಲ್ಲ. ಕಣದಲ್ಲಿ ರಾಗಿಯನ್ನು ರಾಶಿ ಮಾಡಿದ ರೈತನು ಅದನ್ನು ಕೊಳಗದಿಂದ ಅಳೆದ ಮೇಲೆಯೇ ಮನೆಗೆ ಸಾಗಿಸುತ್ತಿದ್ದನು. ದೊಡ್ಡಬಳ್ಳಾಪುರದ ನೇಕಾರನು ಹಾಸಿನ ಎಳೆಗಳ ಲೆಕ್ಕ ಸರಿಯಾಗದೆ ಮಗ್ಗದ ಮುಂದೆ ಕುಳಿತುಕೊಳ್ಳುವುದಿಲ್ಲ. ಕೆರೆಯ ತೂಬನ್ನು ಕಾಯುತ್ತಿದ್ದ ನೀರುಗಂಟಿಯು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದನ್ನು ಮನಸ್ಸಿನಲ್ಲಿಯೇ ಲೆಕ್ಕವಿಟ್ಟು ಊರಿನ ನ್ಯಾಯವನ್ನು ಕಾಪಾಡುತ್ತಿದ್ದನು. ಆದರೆ ಈ ಎಲ್ಲ ಬಾಳಿಗೂ ಮೂಲವಾದ ಮಳೆಯ ಮಾತು ಬಂದಾಗ ಮಾತ್ರ ಜನರು ‘ಹದವಾದ ಮಳೆ’, ‘ಜಡಿಮಳೆ’, ‘ಬರಿಯ ತುಂತುರು’ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಈ ಮಾತುಗಳಲ್ಲಿ ಅನುಭವದ ತೂಕವಿದೆ. ಆದರೆ ಒಬ್ಬನ ‘ಹದ’ ಇನ್ನೊಬ್ಬನಿಗೆ ‘ಸಾಲದು’ ಎನಿಸಬಹುದು. ಕಳೆದ ವರ್ಷದ ‘ಜಡಿಮಳೆ’ಯನ್ನು ಈ ವರ್ಷದ್ದರೊಡನೆ ಹೋಲಿಸುವುದಕ್ಕೂ ಆಗುವುದಿಲ್ಲ. ಮಾತು ಅಂಕಿಯಾದಾಗಲೇ ಹೋಲಿಕೆ ಸಾಧ್ಯ.

ಮಳೆಯನ್ನು ಅಳೆಯುವ ವಿದ್ಯೆ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉಗ್ರಾಣದಲ್ಲಿ ಒಂದು ಅರತ್ನಿಯಷ್ಟು, ಎಂದರೆ ಸುಮಾರು ಒಂದು ಮೊಳದಷ್ಟು ಬಾಯಗಲವುಳ್ಳ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯಿದೆ. ಕೊರಿಯಾ ದೇಶದಲ್ಲಿ ಸೆಜೋಂಗ್ ಎಂಬ ಅರಸನ ಕಾಲದಲ್ಲಿ, 1441ರ ಸುಮಾರಿಗೆ, ಮಳೆಯನ್ನಳೆಯುವ ಪಾತ್ರೆಯನ್ನು ರೂಪಿಸಿ ಅದನ್ನು ನಾಡಿನ ಹಲವು ಕಡೆ ಇರಿಸಿದರು. ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪಿತವಾಯಿತು. ಅದರ ಮಳೆಮಾಪನ ಕೇಂದ್ರಗಳಲ್ಲಿ ಪ್ರತಿದಿನ ಬೆಳಗ್ಗೆ ಎಂಟೂವರೆ ಗಂಟೆಗೆ, ಹಿಂದಿನ 24 ಗಂಟೆಗಳಲ್ಲಿ ಸಂಗ್ರಹವಾದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು ಮಿಲಿಮೀಟರುಗಳಲ್ಲಿ ಬರೆದಿಡುವ ಪದ್ಧತಿ ಇಂದಿಗೂ ನಡೆದುಬಂದಿದೆ.

ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವುದೇಕೆ ಎಂಬ ಪ್ರಶ್ನೆ ನಿಮಗೆ ಹುಟ್ಟಬಹುದು. ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ನೆಲದ ಮೇಲೆಯೇ ಸಮವಾಗಿ ನಿಂತರೆ ಅದರ ಎತ್ತರವೆಷ್ಟೋ ಅದೇ ಮಳೆಯ ಪ್ರಮಾಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್ ನೀರು. ಒಂದು ಎಕರೆಯಲ್ಲಿ ಸುಮಾರು 4,047 ಚದರ ಮೀಟರುಗಳಿವೆ. ಆದುದರಿಂದ 20 ಮಿಲಿಮೀಟರ್ ಮಳೆ ಬಂದಾಗ ಒಂದು ಎಕರೆ ರಾಗಿಯ ಹೊಲಕ್ಕೆ ಸುಮಾರು 81,000 ಲೀಟರ್ ನೀರು ದೊರೆತಂತಾಯಿತು. ‘ಹದ ಮಳೆ’ ಎಂಬ ಮಾತಿನ ಹಿಂದೆ ಎಷ್ಟು ದೊಡ್ಡ ಸಂಪತ್ತು ಅಡಗಿದೆಯೆಂಬುದನ್ನು ಈ ಲೆಕ್ಕ ತೋರಿಸಿಕೊಡುತ್ತದೆ.

ಹಳೆಯ ಪದ್ಧತಿಗೆ ಎರಡು ಮಿತಿಗಳುಂಟು. ದಿನಕ್ಕೊಮ್ಮೆ ಅಳೆದರೆ ಒಟ್ಟು ಮಳೆ ತಿಳಿಯುವುದೇ ಹೊರತು, ಅದು ಇರುಳೆಲ್ಲ ಜಿನುಗಿ ನೆಲಕ್ಕೆ ಇಂಗಿತೋ, ಅರ್ಧ ಗಂಟೆಯಲ್ಲಿ ಸುರಿದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಯಿತೋ ತಿಳಿಯುವುದಿಲ್ಲ. ಬೆಳೆಗಾರನಿಗೆ ಈ ಎರಡಕ್ಕೂ ಅಜಗಜಾಂತರ. ಎರಡನೆಯದಾಗಿ, ಮಳೆ ಎಲ್ಲ ಕಡೆಯೂ ಒಂದೇ ಸಮನೆ ಬೀಳುವುದಿಲ್ಲ. ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ನೆನೆಯದು ಎಂದು ರೈತರು ಹೇಳುವ ಮಾತು ಬಯಲುಸೀಮೆಯ ಮಟ್ಟಿಗೆ ಬಹುಪಾಲು ನಿಜ. ನೆಲಮಂಗಲದಲ್ಲಿ ಕೆರೆ ಕೋಡಿ ಹರಿಯುವ ದಿನವೇ ಹೊಸಕೋಟೆಯ ಕಡೆ ಬಿಸಿಲು ಕಾಯುತ್ತಿರಬಹುದು. ತಾಲ್ಲೂಕಿಗೆ ಒಂದೆರಡು ಮಾಪಕಗಳಿದ್ದರೆ ಊರೂರಿನ ನಿಜಸ್ಥಿತಿ ಹೇಗೆ ತಿಳಿದೀತು? ಪ್ರತಿ ಊರಿನಲ್ಲಿಯೂ ಹಗಲಿರುಳು ಎಚ್ಚರವಾಗಿರುವ ಮಾಪಕ ಬೇಕು. ಆದರೆ ಅಂಥ ಸ್ವಯಂಚಾಲಿತ ಉಪಕರಣಗಳು ಬಹುಕಾಲ ದುಬಾರಿಯಾಗಿದ್ದುವು. ದೊಡ್ಡ ಸಂಶೋಧನಾಲಯಗಳಿಗೆ ಮಾತ್ರ ನಿಲುಕುವಂತಿದ್ದುವು. ಈ ಸ್ಥಿತಿಯನ್ನು ಬದಲಾಯಿಸಿದುದು ಅಂಗೈಯಗಲದ, ಅಗ್ಗದ ಗಣಕಯಂತ್ರ.

ತಾನಾಗಿಯೇ ಅಳೆಯುವ ಯಾವ ಉಪಕರಣದಲ್ಲಿಯೂ ಮೂರು ಅಂಗಗಳಿರುತ್ತವೆ. ಮೊದಲನೆಯದು ಸಂವೇದಕ. ಇದನ್ನು ಸೆನ್ಸರ್ ಎಂದೂ ಕರೆಯುತ್ತಾರೆ. ನಮ್ಮ ಚರ್ಮ ಬಿಸಿಯನ್ನೂ ಕಿವಿ ಶಬ್ದವನ್ನೂ ಗ್ರಹಿಸುವಂತೆ ಇದು ಉಷ್ಣತೆ, ತೇವ, ಒತ್ತಡ ಮುಂತಾದುವನ್ನು ಗ್ರಹಿಸಿ ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುತ್ತದೆ. ಎರಡನೆಯದು ಆ ಸಂಕೇತವನ್ನು ಎಣಿಸಿ ಅಂಕಿಯನ್ನಾಗಿ ಮಾಡುವ ಗಣಕ. ಮೂರನೆಯದು ಅಂಕಿಗಳನ್ನು ಕಾಲದೊಡನೆ ದಾಖಲೆ ಮಾಡುವ, ಇಲ್ಲವೆ ದೂರಕ್ಕೆ ಕಳುಹಿಸುವ ಅಂಗ. ಕಣ್ಣು, ಬುದ್ಧಿ, ಲೇಖನಿ ಈ ಮೂರೂ ಒಂದೆಡೆ ಸೇರಿದಂತೆ ಇದರ ರಚನೆ.

ಮಳೆಯ ಸಂವೇದಕವನ್ನೇ ನೋಡೋಣ. ಆಲಿಕೆಯಂತಹ ಬಾಯಿಯ ಕೆಳಗೆ ಏತದ ಮರದಂತೆ ಅತ್ತಿತ್ತ ತೂಗುವ ಒಂದು ಸಣ್ಣ ಪಟ್ಟಿ. ಅದರ ಎರಡು ತುದಿಗಳಲ್ಲಿ ಎರಡು ಪುಟ್ಟ ಬಟ್ಟಲುಗಳು. ಒಂದು ಬಟ್ಟಲು ತುಂಬಿದೊಡನೆ ಭಾರಕ್ಕೆ ಕೆಳಗೆ ಬಾಗಿ ನೀರನ್ನು ಚೆಲ್ಲುತ್ತದೆ. ಆಗ ಇನ್ನೊಂದು ಬಟ್ಟಲು ಮೇಲೆದ್ದು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ಈ ಉಪಾಯವನ್ನು 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಕ್ರಿಸ್ಟಫರ್ ರೆನ್ ಎಂಬ ವಿದ್ವಾಂಸನು ಕಂಡುಹಿಡಿದನು. ಇಂದಿನ ಮಾಪಕದಲ್ಲಿ ಪಟ್ಟಿಗೆ ಒಂದು ಚಿಕ್ಕ ಅಯಸ್ಕಾಂತವನ್ನು ಅಂಟಿಸಿರುತ್ತಾರೆ. ಪಟ್ಟಿ ಬಾಗಿದಾಗಲೆಲ್ಲ ಅದು ಪಕ್ಕದ ಸ್ವಿಚ್ಚನ್ನು ಒಂದು ಕ್ಷಣ ಕೂಡಿಸಿ ಬಿಡಿಸುತ್ತದೆ. ಗಣಕವು ಒಂದು ಎಂದು ಎಣಿಸಿಕೊಳ್ಳುತ್ತದೆ. ಆಲಿಕೆಯ ಬಾಯಿಯ ವಿಸ್ತಾರ 200 ಚದರ ಸೆಂಟಿಮೀಟರ್ ಎಂದೂ ಪ್ರತಿ ಬಟ್ಟಲು 10 ಘನ ಸೆಂಟಿಮೀಟರ್ ನೀರಿಗೆ ಬಾಗುವುದೆಂದೂ ಇಟ್ಟುಕೊಳ್ಳಿ. 10ನ್ನು 200ರಿಂದ ಭಾಗಿಸಿದರೆ 0.05 ಸೆಂಟಿಮೀಟರ್, ಎಂದರೆ ಅರ್ಧ ಮಿಲಿಮೀಟರ್. ಬಟ್ಟಲು 40 ಸಲ ಬಾಗಿದರೆ 20 ಮಿಲಿಮೀಟರ್ ಮಳೆಯಾಯಿತೆಂದು ಅರ್ಥ. ಮಾತ್ರವಲ್ಲ, ಪ್ರತಿಯೊಂದು ಸಲವೂ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಾಗಿತೆಂಬುದೂ ದಾಖಲಾಗುವುದರಿಂದ ಮಳೆಯ ರಭಸವೂ ತಿಳಿಯುತ್ತದೆ.

ಈ ಎಣಿಕೆಗೆ ಬೇಕಾದ ಗಣಕ ಎಷ್ಟು ದೊಡ್ಡದಿರಬೇಕು? ಬಹಳ ಚಿಕ್ಕದಾದರೆ ಸಾಕು. ಇಟಲಿಯ ಇವ್ರೆಯಾ ಎಂಬ ಪಟ್ಟಣದ ವಿನ್ಯಾಸ ಸಂಸ್ಥೆಯೊಂದರಲ್ಲಿ ಮಾಸ್ಸಿಮೊ ಬಾಂಜಿ ಮತ್ತು ಸಂಗಡಿಗರು, ವಿದ್ಯಾರ್ಥಿಗಳು ಕಡಿಮೆ ವೆಚ್ಚದಲ್ಲಿ ಪ್ರಯೋಗ ಮಾಡಲು ಅನುಕೂಲವಾಗಲೆಂದು 2005ರಲ್ಲಿ ಒಂದು ಪುಟ್ಟ ಹಲಗೆಯನ್ನು ಸಿದ್ಧಪಡಿಸಿದರು. ಆ ಊರಿನ ಒಂದು ಪಾನಗೃಹದ ಹೆಸರಿನಿಂದ ಅದಕ್ಕೆ ಆರ್ಡುಯಿನೊ ಎಂದು ನಾಮಕರಣವಾಯಿತು. ಆ ಪಾನಗೃಹಕ್ಕೋ ಮಧ್ಯಯುಗದ ಒಬ್ಬ ಅರಸನ ಹೆಸರಿತ್ತು! 2010ರಲ್ಲಿ ಬಂದ ಇದರ ‘ಊನೊ’ ಎಂಬ ಮಾದರಿ ಪ್ರಪಂಚದಾದ್ಯಂತ ಪ್ರಸಿದ್ಧವಾಯಿತು. ಇದರ ಹೃದಯವೆಂದರೆ ಮೈಕ್ರೋಕಂಟ್ರೋಲರ್ ಎಂಬ ಒಂದೇ ಒಂದು ಬಿಲ್ಲೆ. ಇದರ ತಾತ್ಕಾಲಿಕ ಸ್ಮರಣೆ 2,048 ಬೈಟುಗಳು ಮಾತ್ರ. ನೀವು ಓದುತ್ತಿರುವ ಈ ಪಾಠದ ಒಂದು ಪುಟವನ್ನು ಕೂಡ ಅದು ಪೂರ್ತಿಯಾಗಿ ನೆನಪಿನಲ್ಲಿಟ್ಟುಕೊಳ್ಳಲಾರದು. ಆದರೂ ಅದು ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. ಮಳೆಹನಿಗಳನ್ನು ಎಣಿಸುವುದಕ್ಕೆ ಇದಕ್ಕಿಂತ ಹೆಚ್ಚಿನ ಬುದ್ಧಿ ಬೇಕಿಲ್ಲ. 1969ರಲ್ಲಿ ಮಾನವನನ್ನು ಚಂದ್ರನ ಮೇಲೆ ಇಳಿಸಿದ ನೌಕೆಯ ಗಣಕದ ತಾತ್ಕಾಲಿಕ ಸ್ಮರಣೆಯೂ 2,048 ಪದಗಳಷ್ಟೇ ಇತ್ತೆಂಬುದನ್ನು ನೆನೆದರೆ, ಅಲ್ಪ ಸಾಧನದಿಂದಲೂ ಮಹತ್ಕಾರ್ಯ ಸಾಧ್ಯವೆಂಬುದು ಮನವರಿಕೆಯಾಗುತ್ತದೆ.

ಇದು ಅಗ್ಗವಾದುದಕ್ಕೆ ಕಾರಣಗಳಿವೆ. ಒಂದೇ ಬಗೆಯ ಬಿಲ್ಲೆಗಳನ್ನು ಕೋಟಿಗಟ್ಟಲೆ ತಯಾರಿಸಿದಾಗ ಒಂದೊಂದರ ಬೆಲೆ ಇಳಿಯುತ್ತದೆ. ಮೊಬೈಲ್ ದೂರವಾಣಿಗಳ ಬೇಡಿಕೆಯಿಂದಾಗಿ ಸಂವೇದಕಗಳೂ ಸಣ್ಣವಾದುವು, ಸುಲಭಬೆಲೆಯವಾದುವು. ಎಲ್ಲಕ್ಕಿಂತ ಮುಖ್ಯವಾಗಿ, ಆರ್ಡುಯಿನೊವಿನ ನಕ್ಷೆಯನ್ನು ಅದರ ನಿರ್ಮಾಪಕರು ಗುಟ್ಟಾಗಿಡಲಿಲ್ಲ. ಯಾರು ಬೇಕಾದರೂ ನೋಡಿ ಮಾಡಿಕೊಳ್ಳಲೆಂದು ಬಹಿರಂಗಪಡಿಸಿದರು. 2012ರಲ್ಲಿ ಬ್ರಿಟನ್ನಿನಲ್ಲಿ ‘ರಾಸ್ಪ್‌ಬೆರಿ ಪೈ’ ಎಂಬ ಪೂರ್ಣ ಪ್ರಮಾಣದ ಕಿರುಗಣಕ 35 ಡಾಲರಿಗೆ ಹೊರಬಂದಿತು. 2021ರಲ್ಲಿ ಅದೇ ಬಳಗದ ‘ಪೀಕೊ’ ಎಂಬ ಮೈಕ್ರೋಕಂಟ್ರೋಲರ್ ಹಲಗೆ ಕೇವಲ 4 ಡಾಲರಿಗೆ ದೊರೆಯಿತು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯೂ ‘ವೇಗ’ ಎಂಬ ಸ್ವದೇಶಿ ಸಂಸ್ಕಾರಕಗಳನ್ನು ರೂಪಿಸಿ, ಅವುಗಳಿಂದ ‘ಏರೀಸ್’ ಎಂಬ ಇಂತಹುದೇ ಹಲಗೆಗಳನ್ನು ಹೊರತಂದಿದೆ.

ಬಡವರ ಕೈಗೂ ಗಣಕ ಎಟುಕಬೇಕೆಂಬ ಕನಸನ್ನು ಬೆಂಗಳೂರು ಇದಕ್ಕೂ ಮುಂಚೆಯೇ ಕಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದ ವಿದ್ವಾಂಸರು ಎನ್‌ಕೋರ್ ಎಂಬ ಕಂಪನಿಯ ತಂತ್ರಜ್ಞರೊಡನೆ ಕೂಡಿ ‘ಸಿಂಪ್ಯೂಟರ್’ ಎಂಬ ಕೈಗಣಕವನ್ನು ನಿರ್ಮಿಸಿ 2001ರಲ್ಲಿ ಪ್ರದರ್ಶಿಸಿದರು. ಅದು ಭಾರತೀಯ ಭಾಷೆಗಳಲ್ಲಿ ವ್ಯವಹರಿಸಬಲ್ಲುದಾಗಿತ್ತು. 2004ರಲ್ಲಿ ಮಾರುಕಟ್ಟೆಗೆ ಬಂದರೂ ಅದು ನಿರೀಕ್ಷಿಸಿದಷ್ಟು ಹರಡಲಿಲ್ಲ. ಅದೇ ದಶಕದಲ್ಲಿ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ತಾಂತ್ರಿಕ ವಿದ್ಯಾಪೀಠದೊಡನೆ ಸೇರಿ, ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ, ಮಳೆಯನ್ನೇ ನಂಬಿದ ಸಣ್ಣ ರೈತರ ನೆರವಿಗಾಗಿ ಮಣ್ಣಿನ ತೇವವನ್ನೂ ಹವೆಯನ್ನೂ ಅಳೆಯುವ ನಿಸ್ತಂತು ಸಂವೇದಕಗಳ ಜಾಲವನ್ನು ಹರಡಿ ಪ್ರಯೋಗ ನಡೆಸಿದರು. ಮೊದಲು ಬಿತ್ತಿದವರ ಬೀಜವೆಲ್ಲ ಮೊಳೆಯದಿದ್ದರೂ ನೆಲ ಹದವಾಯಿತು.

ಇಂದು ಈ ತತ್ತ್ವ ಇಡೀ ರಾಜ್ಯದ ವ್ಯವಸ್ಥೆಯಾಗಿ ನಿಂತಿರುವುದನ್ನು ನಾವು ಕಾಣಬಹುದು. ಬರಗಾಲದ ಮುನ್ಸೂಚನೆಗಾಗಿ 1988ರಲ್ಲಿ ಕರ್ನಾಟಕ ಸರ್ಕಾರವು ಬರ ಉಸ್ತುವಾರಿ ಘಟಕವೊಂದನ್ನು ಸ್ಥಾಪಿಸಿತು. ಅದೇ ಮುಂದೆ ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ದೊಡ್ಡಬಳ್ಳಾಪುರದವರು ಬೆಂಗಳೂರಿಗೆ ಹೋಗುವ ಹಾದಿಯಲ್ಲಿ ಸಿಗುವ ಯಲಹಂಕದಲ್ಲಿ ಅದರ ಕಚೇರಿಯಿದೆ. ಈ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ, ರಾಜ್ಯದಲ್ಲೆಲ್ಲ ಸೇರಿ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳನ್ನು ನೆಡಿಸಿದೆ. ಬಿಸಿಲಿನಿಂದ ವಿದ್ಯುತ್ತನ್ನು ಪಡೆದು, ಮೊಬೈಲ್ ಜಾಲದ ಮೂಲಕ, ಹದಿನೈದು ನಿಮಿಷಗಳಿಗೊಮ್ಮೆ ಮಳೆಯ ಅಂಕಿಗಳನ್ನು ಕಳುಹಿಸುವಂತೆ ಅವನ್ನು ಏರ್ಪಡಿಸಲಾಗಿದೆ. ರೈತರು ದೂರವಾಣಿಯಲ್ಲಿ ಕೇಳಿ ಹವಾಮಾನದ ವಿವರವನ್ನು ತಿಳಿಯಲೆಂದು ‘ವರುಣ ಮಿತ್ರ’ ಎಂಬ ಸಹಾಯವಾಣಿಯನ್ನೂ ಕೇಂದ್ರ ಆರಂಭಿಸಿತು. ಈ ಮಾಪಕಗಳು ವಿದ್ಯಾರ್ಥಿಗಳ ಪ್ರಯೋಗದ ಹಲಗೆಗಳಲ್ಲ. ಬಿಸಿಲು ಮಳೆಗಳನ್ನು ವರ್ಷಗಟ್ಟಲೆ ತಾಳುವಂತೆ ಕಟ್ಟಿದವು. ಆದರೂ ಗ್ರಹಿಸುವುದು, ಎಣಿಸುವುದು, ತಿಳಿಸುವುದು ಎಂಬ ಕ್ರಮ ಎರಡರಲ್ಲಿಯೂ ಒಂದೇ.

ಮಳೆಯೊಂದೇ ಅಲ್ಲ, ಬೇರೆ ಅಳತೆಗಳೂ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಅತ್ಯವಶ್ಯಕ. ಈ ಭಾಗದಲ್ಲಿ ‘ಬೆಂಗಳೂರು ನೀಲಿ’ ದ್ರಾಕ್ಷಿ ಹೆಸರಾದ ಬೆಳೆ. ಎಲೆಯ ಅಡಿಯಲ್ಲಿ ಬಿಳಿಯ ತುಪ್ಪಟದಂತೆ ಹಬ್ಬುವ ಬೂಜುರೋಗ ದ್ರಾಕ್ಷಿಗೆ ದೊಡ್ಡ ಶತ್ರು. ಎಲೆಗಳು ಬಹಳ ಹೊತ್ತು ಒದ್ದೆಯಾಗಿದ್ದರೆ ಈ ರೋಗ ಬೇಗ ಹರಡುತ್ತದೆ. ಎಲೆಯ ತೇವವನ್ನು ತಿಳಿಸುವ ಸಂವೇದಕ ತೋಟದಲ್ಲಿದ್ದರೆ, ದಿನ ನೋಡಿ ಔಷಧಿ ಸಿಂಪಡಿಸುವ ಬದಲು ಅಗತ್ಯ ನೋಡಿ ಸಿಂಪಡಿಸಬಹುದು. ಹಣವೂ ಉಳಿಯುತ್ತದೆ, ಹಣ್ಣಿಗೆ ವಿಷವೂ ಕಡಿಮೆ ಸೇರುತ್ತದೆ. ಮಣ್ಣಿನ ತೇವ ತಿಳಿದರೆ ಹನಿ ನೀರಾವರಿಯನ್ನು ಯಾವಾಗ ನಿಲ್ಲಿಸಬೇಕೆಂಬುದು ತಿಳಿಯುತ್ತದೆ. ಹಿಂದೆ ಕಪಿಲೆ ಹೊಡೆದು ಬಾವಿಯಿಂದ ನೀರೆತ್ತುತ್ತಿದ್ದ ಈ ನೆಲದಲ್ಲಿ ಇಂದು ಆಳವಾದ ಕೊಳವೆ ಬಾವಿಗಳೇ ಆಧಾರ. ಇಂಗುವ ನೀರಿಗಿಂತ ಎತ್ತುವ ನೀರು ಹೆಚ್ಚಾಗಿರುವ ಪ್ರದೇಶಗಳ ಸಾಲಿನಲ್ಲಿ ಕೇಂದ್ರ ಅಂತರ್ಜಲ ಮಂಡಳಿಯು ಈ ಜಿಲ್ಲೆಯ ತಾಲ್ಲೂಕುಗಳನ್ನು ಗುರುತಿಸಿದೆ. ಕೊಳವೆ ಬಾವಿಯೊಳಗೆ ಒತ್ತಡದ ಸಂವೇದಕವನ್ನು ಇಳಿಬಿಟ್ಟರೆ ಮೇಲಿರುವ ನೀರಿನ ಎತ್ತರ ತಿಳಿಯುತ್ತದೆ. ಪ್ರತಿ 10 ಮೀಟರ್ ನೀರಿಗೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಭಾರದಷ್ಟು ಒತ್ತಡ ಹೆಚ್ಚುತ್ತದೆ. ಕಣ್ಣಿಗೆ ಕಾಣದ ನೀರನ್ನು ಮಿತವಾಗಿ ಬಳಸಬೇಕಾದರೆ ಮೊದಲು ಅದನ್ನು ಅಂಕಿಯಲ್ಲಿ ಕಾಣಬೇಕು.

ಆದರೆ ಯಂತ್ರ ಹೇಳಿದುದೆಲ್ಲ ನಿಜವೆಂದು ನಂಬುವುದು ವಿಜ್ಞಾನವಲ್ಲ. ಬೀದಿಯ ತಕ್ಕಡಿಯೊಂದು ಪ್ರತಿ ಸಲವೂ 50 ಗ್ರಾಂ ಹೆಚ್ಚಾಗಿ ತೋರಿಸುತ್ತದೆಂದುಕೊಳ್ಳಿ. ಹತ್ತು ಸಲ ತೂಗಿದರೂ ಅದು ಹೇಳುವುದು ಒಂದೇ ಮಾತು. ಆದರೆ ಆ ಮಾತು ಹತ್ತು ಸಲವೂ ಸುಳ್ಳು. ಹೇಳಿದ್ದನ್ನೇ ಹೇಳುವುದು ಬೇರೆ, ಸತ್ಯವನ್ನು ಹೇಳುವುದು ಬೇರೆ. ಅಗ್ಗದ ಸಂವೇದಕಗಳಲ್ಲಿ ಈ ಎರಡು ಬಗೆಯ ದೋಷಗಳೂ ಇರಬಹುದು. ಮಳೆಮಾಪಕದ ಆಲಿಕೆಯಲ್ಲಿ ಒಣ ಎಲೆ ಸಿಕ್ಕಿಕೊಳ್ಳಬಹುದು. ಜೇಡ ಬಲೆ ಹೆಣೆಯಬಹುದು. ಹಕ್ಕಿ ಕುಳಿತು ಹೊಲಸು ಮಾಡಬಹುದು. ಬಿರುಸಾದ ಮಳೆಯಲ್ಲಿ ಬಟ್ಟಲು ಬಾಗುತ್ತಿರುವ ಕ್ಷಣದಲ್ಲಿಯೂ ನೀರು ಬೀಳುತ್ತಲೇ ಇರುವುದರಿಂದ ಎಣಿಕೆ ನಿಜಕ್ಕಿಂತ ಕಡಿಮೆಯಾಗುತ್ತದೆ. ಸ್ವಿಚ್ಚು ಕೂಡುವಾಗ ಅದುರಿ ಒಂದನ್ನು ಎರಡೆಂದು ಎಣಿಸುವುದೂ ಉಂಟು. ಮಣ್ಣಿನಲ್ಲಿ ನೆಟ್ಟ ಕೆಲವು ಅಗ್ಗದ ತೇವಮಾಪಕಗಳ ಲೋಹದ ಕಡ್ಡಿಗಳು ಬೇಗನೆ ಸವೆದುಹೋಗುತ್ತವೆ.

ಈ ದೋಷಗಳನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಹವಾಮಾನವನ್ನು ಆಧರಿಸಿದ ಬೆಳೆ ವಿಮೆಯಲ್ಲಿ, ಅಧಿಕೃತ ಮಾಪಕವು ದಾಖಲಿಸಿದ ಅಂಕಿಯೇ ಪರಿಹಾರವನ್ನು ನಿರ್ಣಯಿಸುತ್ತದೆ. ಅತಿವೃಷ್ಟಿಗೆ ಪರಿಹಾರ ಸಿಗಬೇಕಾದರೆ ಒಂದು ದಿನದಲ್ಲಿ 60 ಮಿಲಿಮೀಟರ್ ಮಳೆಯಾಗಿರಬೇಕೆಂದು ನಿಯಮವಿದೆಯೆಂದು ಊಹಿಸೋಣ. ನಿಜವಾಗಿ ಸುರಿದುದು 60. ಹತ್ತರಲ್ಲಿ ಒಂದನ್ನು ಎಣಿಸದೆ ಬಿಡುವ ಮಾಪಕ ಬರೆದುದು 54. ಹೊಲ ಕೊಚ್ಚಿಹೋದ ರೈತನಿಗೆ ಕಾಗದದ ಮೇಲೆ ಏನೂ ನಷ್ಟವಾಗಿಲ್ಲ! ಆಲಿಕೆಯಲ್ಲಿ ಕಟ್ಟಿದ ಒಂದು ಜೇಡರ ಬಲೆ ಒಂದು ಸಂಸಾರದ ವರ್ಷದ ಅನ್ನವನ್ನು ಹಿಡಿದುಬಿಡಬಲ್ಲುದು. ಹಾಗೆಯೇ ಬಾರದ ಮಳೆಯನ್ನು ಬಂದಿತೆಂದು ತೋರಿಸುವ ಮಾಪಕ ಬರಗಾಲವನ್ನೇ ಮರೆಮಾಚಬಲ್ಲುದು. ಆದುದರಿಂದ ಉಪಕರಣದ ಬೆಲೆ ಕಡಿಮೆಯಾದರೂ ಅಳತೆಯ ಬೆಲೆ ಕಡಿಮೆಯಾಗುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ, ತಾಳ್ಮೆಯದ್ದು. ಮೇಲೆ ಹೇಳಿದ ಮಾಪಕವು 10 ಘನ ಸೆಂಟಿಮೀಟರಿಗೆ ಒಮ್ಮೆ ಬಾಗಬೇಕಷ್ಟೆ. ಸರಿಯಾಗಿ ಅಳೆದ ಒಂದು ಲೀಟರ್ ನೀರನ್ನು ಆಲಿಕೆಯೊಳಕ್ಕೆ ಹನಿಹನಿಯಾಗಿ ನಿಧಾನವಾಗಿ ಬಿಡಿ. ಎಣಿಕೆ 100 ಬಂದರೆ ಮಾಪಕ ಸರಿಯಿದೆ. 90 ಮಾತ್ರ ಬಂದರೆ, ಬಟ್ಟಲಿನ ಕೆಳಗಿನ ತಿರುಪುಗಳನ್ನು ಹೊಂದಿಸಬೇಕು. ಇಲ್ಲವೆ ಪ್ರತಿ ಬಾಗುವಿಕೆಗೆ ಎಷ್ಟು ನೀರೆಂಬುದನ್ನು ಹೊಸದಾಗಿ ಲೆಕ್ಕಹಾಕಿ ಗಣಕಕ್ಕೆ ತಿಳಿಸಬೇಕು. ಉಷ್ಣಮಾಪಕವನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟರೆ ಅದು ಸೊನ್ನೆಯನ್ನು ತೋರಿಸಬೇಕು. ಗೊತ್ತಿರುವುದರೊಡನೆ ಹೋಲಿಸಿ ಗೊತ್ತಿಲ್ಲದ್ದನ್ನು ಅಳೆಯುವ ಯಂತ್ರವನ್ನು ತಿದ್ದುವ ಈ ಕ್ರಮವನ್ನು ಮಾಪನಾಂಕ ನಿರ್ಣಯ ಎಂದು ಕರೆಯುತ್ತಾರೆ. ಜೊತೆಗೆ ಸ್ವಯಂಚಾಲಿತ ಮಾಪಕದ ಪಕ್ಕದಲ್ಲಿ ಹಳೆಯ ಬಗೆಯ ಮಾಪಕವನ್ನೂ ಇಟ್ಟು ಎರಡರ ಅಂಕಿಗಳನ್ನು ತಾಳೆ ನೋಡುವುದು ಒಳ್ಳೆಯ ರೂಢಿ. ಸಾಕ್ಷಿಗಳು ಇಬ್ಬರಾದರೆ ಸತ್ಯ ಬೇಗ ಹೊರಬೀಳುತ್ತದೆ.

ಇಂಥ ಕೆಲಸಕ್ಕೆ ದೊಡ್ಡ ಪದವಿಗಳು ಬೇಕಿಲ್ಲ. 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ ಯೋಜನೆಯಲ್ಲಿ, ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗಾಗಿ ದೇಶದ ಸಾವಿರಾರು ಶಾಲೆಗಳಲ್ಲಿ ಸ್ಥಾಪಿತವಾದ ಟಿಂಕರಿಂಗ್ ಪ್ರಯೋಗಶಾಲೆಗಳಲ್ಲಿ ಈ ಬಗೆಯ ಕಿರುಗಣಕಗಳೂ ಸಂವೇದಕಗಳೂ ಇವೆ. ಅಂಥ ಅನುಕೂಲವಿಲ್ಲದ ಶಾಲೆಯಲ್ಲಿಯೂ ನೇರವಾದ ಗೋಡೆಗಳುಳ್ಳ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು, ದಿನವೂ ಒಂದೇ ಹೊತ್ತಿಗೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಬಹುದು. ನಿಮ್ಮ ಪಂಚಾಯಿತಿಯ ಮಾಪಕದ ಅಂಕಿಯೊಡನೆ ಅದನ್ನು ಹೋಲಿಸಿ ನೋಡಿ. ಅಂತರ ಕಂಡುಬಂದರೆ ಮೊದಲು ನಿಮ್ಮ ಡಬ್ಬಿಯನ್ನು ಪರೀಕ್ಷಿಸಿರಿ: ಅದು ಮರದ ಕೆಳಗಿದೆಯೇ? ಗೋಡೆಯ ಮರೆಯಲ್ಲಿದೆಯೇ? ಬಿಸಿಲಿಗೆ ನೀರು ಆರಿತೇ? ಎಲ್ಲವೂ ಸರಿಯಿದ್ದು ಅಂತರ ದಿನದಿನವೂ ಉಳಿದರೆ, ಆಗ ಹಿರಿಯರ ಮುಖಾಂತರ ಪಂಚಾಯಿತಿಗೆ ತಿಳಿಸಿರಿ. ಹುಡುಗರು ಬರೆದಿಟ್ಟ ಒಂದು ನಲವತ್ತು ಪುಟದ ಪುಸ್ತಕ ಊರಿನ ರೈತರೆಲ್ಲರಿಗೂ ಸಾಕ್ಷಿಯಾಗಬಹುದು.

ಹೀಗೆ ಬರೆಯುವಾಗ ನೆನಪಿಡಬೇಕಾದ ನಿಯಮವೊಂದಿದೆ. ಅಳೆಯಲಾಗದ ದಿನದ ಮುಂದೆ ‘ಅಳೆದಿಲ್ಲ’ ಎಂದೇ ಬರೆಯಬೇಕು. ಅಂದಾಜಿನ ಅಂಕಿಯನ್ನು ತುಂಬಬಾರದು. ಮಳೆ ಬಾರದ ದಿನದ ಸೊನ್ನೆಗೂ ಅಳೆಯದ ದಿನದ ಖಾಲಿ ಮನೆಗೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಸೊನ್ನೆ ಒಂದು ಅಳತೆ. ಖಾಲಿ ಮನೆ ಒಂದು ಪ್ರಾಮಾಣಿಕ ಒಪ್ಪಿಗೆ. ಅಂಗೈಯಗಲದ ಗಣಕಕ್ಕೆ ಬೇಸರವಿಲ್ಲ, ನಿದ್ದೆಯಿಲ್ಲ, ದಾಕ್ಷಿಣ್ಯವಿಲ್ಲ. ಆದರೆ ತನ್ನ ಆಲಿಕೆಯಲ್ಲಿ ಎಲೆ ಸಿಕ್ಕಿದೆಯೆಂಬುದು ಅದಕ್ಕೆ ತಿಳಿಯದು. ಅದನ್ನು ನೋಡಿ ತೆಗೆಯುವ ಕೈ ಮನುಷ್ಯನದೇ ಆಗಬೇಕು. ತೂಬಿನ ಬಳಿ ನಿಂತು ಕೊನೆಯ ಗದ್ದೆಯವನಿಗೂ ಅವನ ಪಾಲಿನ ನೀರನ್ನು ತಲುಪಿಸುತ್ತಿದ್ದ ನೀರುಗಂಟಿಯ ಹೊಣೆ, ಇಂದು ಅಳತೆಯ ಯಂತ್ರವನ್ನು ಕಾಯುವವನ ಮೇಲೆ ಬಿದ್ದಿದೆ.